ವಿಶ್ವ ಬ್ಯಾಂಕ್ ಮತ್ತು ಹಿಂಸಾತ್ಮಕ ಸಂಘರ್ಷಗಳ ತಡೆ

ಅಂತರ್ಯುದ್ಧ, ಜನಾಂಗೀಯ ಕಲಹ ಹಾಗೂ ಸಂಘಟಿತ ಹಿಂಸೆಗಳು ತಲೆದೋರದಂತೆ ಅಥವಾ ಮರುಕಳಿಸದಂತೆ ನೋಡಿಕೊಳ್ಳುವುದು ವಿಶ್ವ ಬ್ಯಾಂಕಿನ ಕಾರ್ಯಕ್ಷೇತ್ರಗಳಲ್ಲಿ ಒಂದಾಗಿದೆ. ಬ್ಯಾಂಕಿಗೆ ಸೈನ್ಯವಾಗಲಿ ರಾಜತಾಂತ್ರಿಕ ಅಧಿಕಾರವಾಗಲಿ ಇಲ್ಲ. ಸಾಲ, ಅನುದಾನ, ತಾಂತ್ರಿಕ ಸಲಹೆ ಮತ್ತು ಸಂಶೋಧನೆ ಅದರ ಸಾಧನಗಳು. ಬಡತನ ಕಡಿಮೆಯಾದರೆ ಹಿಂಸೆಯೂ ತಾನಾಗಿ ಕಡಿಮೆಯಾಗುತ್ತದೆ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. 1990ರ ದಶಕದಿಂದೀಚೆಗಿನ ಅನುಭವಗಳು ಈ ನಂಬಿಕೆಯನ್ನು ಪ್ರಶ್ನಿಸಿವೆ. ನೆರವಿನ ಮೊತ್ತಕ್ಕಿಂತ ಅದು ಯಾರಿಗೆ, ಯಾವ ಕ್ರಮದಲ್ಲಿ ತಲುಪುತ್ತದೆ ಎಂಬುದು ಮುಖ್ಯವೆಂದು ಅವು ತೋರಿಸಿಕೊಟ್ಟಿವೆ.

ಹಿನ್ನೆಲೆ

1944ರ ಜುಲೈ ತಿಂಗಳಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ ನಡೆದ ಸಮ್ಮೇಳನವು ಪುನರ್ನಿರ್ಮಾಣ ಮತ್ತು ಅಭಿವೃದ್ಧಿಯ ಅಂತರರಾಷ್ಟ್ರೀಯ ಬ್ಯಾಂಕಿನ ಸ್ಥಾಪನೆಗೆ ಕಾರಣವಾಯಿತು. ಬ್ಯಾಂಕ್ ತನ್ನ ಮೊದಲ ಸಾಲವಾಗಿ 1947ರಲ್ಲಿ ಯುದ್ಧದಿಂದ ಜರ್ಜರಿತವಾಗಿದ್ದ ಫ್ರಾನ್ಸ್‌ಗೆ 25 ಕೋಟಿ ಡಾಲರ್ ನೀಡಿತು. ಸದಸ್ಯ ರಾಷ್ಟ್ರಗಳ ರಾಜಕೀಯದಲ್ಲಿ ಹಸ್ತಕ್ಷೇಪ ಮಾಡಬಾರದು, ಆರ್ಥಿಕ ವಿಚಾರಗಳನ್ನು ಮಾತ್ರ ಪರಿಗಣಿಸಬೇಕು ಎಂದು ಅದರ ಸ್ಥಾಪನಾ ಒಪ್ಪಂದವು ವಿಧಿಸುತ್ತದೆ. ಸಂಘರ್ಷಗಳ ಮೂಲ ಬಹುಮಟ್ಟಿಗೆ ರಾಜಕೀಯವಾದದ್ದಾಗಿರುವುದರಿಂದ, ಈ ನಿಯಮವು ಬ್ಯಾಂಕಿನ ಪಾತ್ರದ ಎಲ್ಲೆಯನ್ನು ನಿರ್ಧರಿಸುತ್ತ ಬಂದಿದೆ.

ಸಿಂಧೂ ಜಲ ಒಪ್ಪಂದ

ಈ ಎಲ್ಲೆಯೊಳಗೇ ಬ್ಯಾಂಕ್ ನಿರ್ವಹಿಸಿದ ಮಧ್ಯಸ್ಥಿಕೆಗೆ ಸಿಂಧೂ ಜಲ ಒಪ್ಪಂದವು ಪ್ರಮುಖ ನಿದರ್ಶನ. ದೇಶವಿಭಜನೆಯ ನಂತರ ಭಾರತ ಮತ್ತು ಪಾಕಿಸ್ತಾನಗಳ ನಡುವೆ ನದಿನೀರಿನ ವಿವಾದ ಉದ್ಭವಿಸಿದಾಗ, ಬ್ಯಾಂಕ್ ಅದನ್ನು ಎಂಜಿನಿಯರಿಂಗ್ ಮತ್ತು ಹಣಕಾಸಿನ ಪ್ರಶ್ನೆಯಾಗಿ ಕೈಗೆತ್ತಿಕೊಂಡಿತು. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಜವಾಹರಲಾಲ್ ನೆಹರು ಮತ್ತು ಅಯೂಬ್ ಖಾನ್ ಒಪ್ಪಂದಕ್ಕೆ ಸಹಿ ಹಾಕಿದರು. ಬ್ಯಾಂಕಿನ ಪ್ರತಿನಿಧಿಯೂ ಕೆಲವು ನಿರ್ದಿಷ್ಟ ಉದ್ದೇಶಗಳಿಗಾಗಿ ಸಹಿ ಮಾಡಿದರು. ರಾವಿ, ಬಿಯಾಸ್, ಸಟ್ಲೆಜ್ ನದಿಗಳು ಭಾರತದ ಪಾಲಿಗೆ ಬಂದವು. ಸಿಂಧೂ, ಝೇಲಂ, ಚೆನಾಬ್ ನದಿಗಳ ನೀರು ಮುಖ್ಯವಾಗಿ ಪಾಕಿಸ್ತಾನಕ್ಕೆ ಸಂದಿತು. ಪಾಕಿಸ್ತಾನವು ನಿರ್ಮಿಸಬೇಕಾಗಿದ್ದ ಬದಲಿ ಕಾಲುವೆ ಹಾಗೂ ಅಣೆಕಟ್ಟುಗಳಿಗೆ ಬ್ಯಾಂಕ್ ಇತರ ರಾಷ್ಟ್ರಗಳಿಂದಲೂ ಹಣ ಒದಗಿಸಿಕೊಟ್ಟಿತು. ಒಪ್ಪಂದವು 1965 ಮತ್ತು 1971ರ ಯುದ್ಧಗಳ ನಂತರವೂ ಉಳಿದುಕೊಂಡಿತು. ಪಹಲ್ಗಾಮ್ ದಾಳಿಯ ಬಳಿಕ 2025ರ ಏಪ್ರಿಲ್‌ನಲ್ಲಿ ಭಾರತವು ಅದನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು.

ರುವಾಂಡಾದ ಅನುಭವ

1980ರ ದಶಕದಲ್ಲಿ ರುವಾಂಡಾವನ್ನು ಆಫ್ರಿಕಾದಲ್ಲಿ ಅಭಿವೃದ್ಧಿಯ ಮಾದರಿ ದೇಶವೆಂದು ಅನೇಕ ದಾನಿ ಸಂಸ್ಥೆಗಳು ಪರಿಗಣಿಸಿದ್ದವು. 1994ರ ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿ ನಡೆದ ನರಮೇಧದಲ್ಲಿ ಸುಮಾರು 8 ಲಕ್ಷ ಜನರು ಹತರಾದರು. ಅವರಲ್ಲಿ ಹೆಚ್ಚಿನವರು ಟುಟ್ಸಿ ಸಮುದಾಯಕ್ಕೆ ಸೇರಿದವರು. ಪೀಟರ್ ಯುವಿನ್ 1998ರಲ್ಲಿ ಪ್ರಕಟಿಸಿದ ಕೃತಿಯು ಇದರಲ್ಲಿ ಅಭಿವೃದ್ಧಿ ನೆರವಿನ ಪಾತ್ರವನ್ನು ಪರಿಶೀಲಿಸಿತು. ಜನಾಂಗೀಯ ತಾರತಮ್ಯ, ಪ್ರಾದೇಶಿಕ ಪಕ್ಷಪಾತ ಹಾಗೂ ಬಡವರ ಅವಮಾನಗಳನ್ನು ದಾನಿ ಸಂಸ್ಥೆಗಳು ತಮ್ಮ ಕಾರ್ಯವ್ಯಾಪ್ತಿಗೆ ಹೊರಗಿನ ವಿಷಯಗಳೆಂದು ಬದಿಗಿರಿಸಿದ್ದವು. ಇದರಿಂದ ನೆರವು ಹಿಂಸೆಗೆ ಕಾರಣವಾದ ವ್ಯವಸ್ಥೆಯನ್ನೇ ಬಲಪಡಿಸಿತು ಎಂಬುದು ಅವರ ವಾದ. ಆರ್ಥಿಕ ಬೆಳವಣಿಗೆಯ ಅಂಕಿಅಂಶಗಳು ಮಾತ್ರ ಅಪಾಯದ ಮುನ್ಸೂಚನೆ ನೀಡಲಾರವು ಎಂಬ ಅರಿವು ಈ ದುರಂತದ ನಂತರ ವ್ಯಾಪಕವಾಯಿತು.

ನೀತಿಯ ಬೆಳವಣಿಗೆ

1997ರಲ್ಲಿ ಬ್ಯಾಂಕ್ ಸಂಘರ್ಷೋತ್ತರ ಕಾರ್ಯಗಳಿಗಾಗಿ ಪ್ರತ್ಯೇಕ ಘಟಕವನ್ನು ಆರಂಭಿಸಿತು. 2001ರಲ್ಲಿ ಅಭಿವೃದ್ಧಿ ಸಹಕಾರ ಮತ್ತು ಸಂಘರ್ಷವನ್ನು ಕುರಿತ ಕಾರ್ಯನೀತಿಯನ್ನು ಅಂಗೀಕರಿಸಿತು. ಪಾಲ್ ಕೋಲಿಯರ್ ನೇತೃತ್ವದ ತಂಡ 2003ರಲ್ಲಿ ಹೊರತಂದ ವರದಿಯು ಅಂತರ್ಯುದ್ಧವು ದೇಶವನ್ನು ಬಡತನಕ್ಕೆ ತಳ್ಳುತ್ತದೆ, ಆ ಬಡತನವು ಮತ್ತೊಂದು ಯುದ್ಧಕ್ಕೆ ಹಾದಿಯಾಗುತ್ತದೆ ಎಂದು ವಿವರಿಸಿತು.

2011ರ ವಿಶ್ವ ಅಭಿವೃದ್ಧಿ ವರದಿಯ ಪ್ರಕಾರ, ಸುಮಾರು 150 ಕೋಟಿ ಜನರು ದುರ್ಬಲ ಆಡಳಿತ, ಸಂಘರ್ಷ ಅಥವಾ ಸಂಘಟಿತ ಅಪರಾಧಗಳಿಂದ ಬಾಧಿತವಾದ ಪ್ರದೇಶಗಳಲ್ಲಿ ವಾಸಿಸುತ್ತಿದ್ದರು. ಹಿಂದಿನ ದಶಕದ ಅಂತರ್ಯುದ್ಧಗಳ ಪೈಕಿ ಶೇಕಡಾ 90ರಷ್ಟು, ಅದಕ್ಕೂ ಮುಂಚಿನ 30 ವರ್ಷಗಳಲ್ಲಿ ಅಂತರ್ಯುದ್ಧ ಕಂಡಿದ್ದ ದೇಶಗಳಲ್ಲೇ ನಡೆದಿದ್ದವು. ನಾಗರಿಕರ ಸುರಕ್ಷತೆ, ನ್ಯಾಯ ಮತ್ತು ಉದ್ಯೋಗ ಇವು ಮೂರೂ ಜೊತೆಯಾಗಿ ಸಾಗಬೇಕೆಂದು ವರದಿಯು ಪ್ರತಿಪಾದಿಸಿತು.

2018ರಲ್ಲಿ ವಿಶ್ವಸಂಸ್ಥೆಯೊಡನೆ ಪ್ರಕಟಿಸಿದ ಜಂಟಿ ಅಧ್ಯಯನವು ಅಧಿಕಾರ, ಭೂಮಿ, ಸೇವೆ ಹಾಗೂ ನ್ಯಾಯದಿಂದ ಒಂದು ಗುಂಪನ್ನು ಹೊರಗಿಡುವುದೇ ಹಿಂಸೆಯ ಮುಖ್ಯ ಮೂಲಗಳಲ್ಲೊಂದು ಎಂದು ಗುರುತಿಸಿತು. ಮುಂಚಿತವಾಗಿ ತಡೆಯುವುದರಿಂದ ವರ್ಷಕ್ಕೆ 500 ಕೋಟಿಯಿಂದ 7,000 ಕೋಟಿ ಡಾಲರ್‌ವರೆಗೆ ಉಳಿತಾಯವಾಗಬಹುದೆಂದು ಅದು ಅಂದಾಜಿಸಿತು. 2020ರಲ್ಲಿ ಬ್ಯಾಂಕ್ ದುರ್ಬಲತೆ, ಸಂಘರ್ಷ ಮತ್ತು ಹಿಂಸೆಯನ್ನು ಕುರಿತ ತನ್ನ ಮೊದಲ ಸಮಗ್ರ ಕಾರ್ಯತಂತ್ರವನ್ನು ಪ್ರಕಟಿಸಿತು.

ಯೋಜನೆಗಳ ಪರಿಣಾಮ

ಇಂಡೋನೇಷ್ಯಾದಲ್ಲಿ 1998ರಲ್ಲಿ ಆರಂಭವಾದ ಕೆಚಮಾತನ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಹಣವನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ಗ್ರಾಮಸ್ಥರೇ ಬಹಿರಂಗ ಸಭೆಗಳಲ್ಲಿ ತೀರ್ಮಾನಿಸುತ್ತಿದ್ದರು. ಯೋಜನೆಯಿಂದಲೂ ಜಗಳಗಳು ಹುಟ್ಟಿದವು. ಆದರೆ ದೂರು ಆಲಿಸುವ ವ್ಯವಸ್ಥೆ ಇದ್ದುದರಿಂದ ಅವು ಹಿಂಸೆಗೆ ತಿರುಗಿದ್ದು ವಿರಳ ಎಂದು ಸಂಶೋಧಕರು ಕಂಡುಕೊಂಡರು.

ಫಿಲಿಪೈನ್ಸ್‌ನ ಎರಡು ಯೋಜನೆಗಳು ಪರಸ್ಪರ ವಿರುದ್ಧ ಫಲಿತಾಂಶ ನೀಡಿದವು. ಬ್ಯಾಂಕಿನ ನೆರವಿನ ಕಲಾಹಿ-ಸಿಡ್ಸ್ ಗ್ರಾಮಾಭಿವೃದ್ಧಿ ಯೋಜನೆಗೆ ಅರ್ಹತೆ ಪಡೆದ ಪಟ್ಟಣ ವ್ಯಾಪ್ತಿಗಳಲ್ಲಿ ಸಂಘರ್ಷದ ಸಾವುಗಳು ಹೆಚ್ಚಿದವು ಎಂದು 2014ರ ಅಧ್ಯಯನವೊಂದು ತೋರಿಸಿತು. ಸರ್ಕಾರಕ್ಕೆ ಜನಬೆಂಬಲ ದೊರೆಯುವುದೆಂಬ ಭಯದಿಂದ ಬಂಡುಕೋರರು ಯೋಜನೆಯನ್ನು ಕೆಡಿಸಲು ಯತ್ನಿಸಿದ್ದೇ ಇದಕ್ಕೆ ಕಾರಣವೆಂದು ಅದು ವಿವರಿಸಿತು. ಬಡ ಕುಟುಂಬಗಳಿಗೆ ನೇರವಾಗಿ ನಗದು ನೀಡಿದ ಪಂತಾವಿಡ್ ಯೋಜನೆಯು ಜಾರಿಯಾದ ಗ್ರಾಮಗಳಲ್ಲಿ ಮಾತ್ರ ಸಂಘರ್ಷದ ಘಟನೆಗಳು ಇಳಿಮುಖವಾದವು.

ಟೀಕೆ ಮತ್ತು ಮಿತಿಗಳು

2000ದಲ್ಲಿ ಬ್ಯಾಂಕ್ ಚಾಡ್-ಕ್ಯಾಮರೂನ್ ತೈಲ ಕೊಳವೆಮಾರ್ಗಕ್ಕೆ ನೆರವು ಮಂಜೂರು ಮಾಡಿತು. ತೈಲದ ಆದಾಯವನ್ನು ಶಿಕ್ಷಣ, ಆರೋಗ್ಯ ಮೊದಲಾದ ಕ್ಷೇತ್ರಗಳಿಗೆ ಮೀಸಲಿಡುವ ಕಾನೂನನ್ನು ಚಾಡ್ ಅದಕ್ಕೆ ಮುಂಚೆಯೇ ರೂಪಿಸಿತ್ತು. ಆದರೆ 2005ರ ಡಿಸೆಂಬರ್‌ನಲ್ಲಿ ಚಾಡ್ ಸಂಸತ್ತು ಕಾನೂನನ್ನು ತಿದ್ದಿ, ಭದ್ರತಾ ವೆಚ್ಚವನ್ನೂ ಆದ್ಯತೆಯ ಪಟ್ಟಿಗೆ ಸೇರಿಸಿತು. ಭಾವಿ ಪೀಳಿಗೆಗಳ ನಿಧಿಯನ್ನು ರದ್ದುಪಡಿಸಿತು. ಬ್ಯಾಂಕ್ ಸಾಲಗಳನ್ನು ತಡೆಹಿಡಿದರೂ ಪರಿಸ್ಥಿತಿ ಸುಧಾರಿಸಲಿಲ್ಲ. 2008ರಲ್ಲಿ ಚಾಡ್ ಸಾಲವನ್ನು ಅವಧಿಗೆ ಮುನ್ನವೇ ತೀರಿಸಿತು, ಬ್ಯಾಂಕ್ ಯೋಜನೆಯಿಂದ ಹಿಂದೆ ಸರಿಯಿತು.

ಬ್ಯಾಂಕಿನ ಕಾಮಗಾರಿಗಳೇ ಹಿಂಸೆಗೆ ಎಡೆಮಾಡಿಕೊಟ್ಟ ಪ್ರಸಂಗಗಳೂ ಇವೆ. ಉಗಾಂಡಾದ ರಸ್ತೆ ನಿರ್ಮಾಣ ಯೋಜನೆಯೊಂದರ ಕಾರ್ಮಿಕರು ಸ್ಥಳೀಯ ಬಾಲಕಿಯರನ್ನು ಲೈಂಗಿಕವಾಗಿ ಶೋಷಿಸಿದ ಆರೋಪಗಳ ಹಿನ್ನೆಲೆಯಲ್ಲಿ ಬ್ಯಾಂಕ್ 2015ರ ಡಿಸೆಂಬರ್‌ನಲ್ಲಿ ಆ ಯೋಜನೆಯ ನೆರವನ್ನು ರದ್ದುಗೊಳಿಸಿತು. ತರುವಾಯ ಲಿಂಗಾಧಾರಿತ ಹಿಂಸೆಯನ್ನು ಕುರಿತು ಕಾರ್ಯಪಡೆಯೊಂದನ್ನು ನೇಮಿಸಿ, ಅದರ ಶಿಫಾರಸುಗಳನ್ನು ಅನುಸರಿಸಿ ಕಾಮಗಾರಿಗಳಲ್ಲಿ ಇಂತಹ ಅಪಾಯವನ್ನು ಮೊದಲೇ ಅಳೆಯುವ ಕ್ರಮಗಳನ್ನು ಜಾರಿಗೊಳಿಸಿತು.