ಮಿದುಳಿನ ನೀರಿಗೆ ಔಷಧಿ ಸೇರಿದ ಕತೆ

ನಮ್ಮ ದೊಡ್ಡಬಳ್ಳಾಪುರದ ಕಡೆ ಯಾರಿಗಾದರೂ ಕ್ಯಾನ್ಸರ್ ಅಂದರೆ ಮೊದಲು ಕೇಳೋ ಪ್ರಶ್ನೆ "ಕಿದ್ವಾಯಿಗೆ ತೋರಿಸಿದ್ರಾ?". ಎರಡನೆಯದು "ಎಷ್ಟು ದಿನ ಅಂದ್ರು?". ಹೋದ ವರ್ಷ ದೊಡ್ಡಮ್ಮನ ರಿಪೋರ್ಟಿನಲ್ಲಿ 'ಲೆಪ್ಟೊಮೆನಿಂಜಿಯಲ್ ಮೆಟಾಸ್ಟಾಸಿಸ್' ಅನ್ನೋ ಉದ್ದದ ಪದ ಕಂಡಾಗ ಮನೆಯವರೆಲ್ಲ ನನ್ನ ಮುಖ ನೋಡಿದರು. ಇಂಜಿನಿಯರ್ ಅಲ್ವಾ, ಗೊತ್ತಿರುತ್ತೆ ಅಂತ! ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋನು. ಆದರೂ ಅವತ್ತಿಂದ ಓದುತ್ತಾ ಹೋದೆ. ಓದಿದ್ದರಲ್ಲಿ ಇತಿಹಾಸದ ಭಾಗ ಇಷ್ಟು ಸ್ವಾರಸ್ಯವಾಗಿರುತ್ತೆ ಅಂದುಕೊಂಡಿರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದೇನು ಅಂತ ನೋಡೋಣ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ತೆಳ್ಳನೆಯ ಪೊರೆಗಳಿವೆ. ಅವುಗಳ ನಡುವೆ ತಿಳಿಯಾದ ನೀರು ಹರಿದಾಡುತ್ತಿರುತ್ತದೆ. ಸ್ತನ, ಶ್ವಾಸಕೋಶ ಅಥವಾ ರಕ್ತದ ಕ್ಯಾನ್ಸರಿನ ಕಣಗಳು ಈ ನೀರಿಗೆ ಸೇರಿಕೊಂಡರೆ ತೇಲುತ್ತಾ ಎಲ್ಲಿ ಬೇಕಾದರೂ ಅಂಟಿಕೊಳ್ಳುತ್ತವೆ. ತಲೆನೋವು, ವಾಂತಿ, ಎರಡೆರಡಾಗಿ ಕಾಣೋದು, ಕಾಲಲ್ಲಿ ಶಕ್ತಿ ಇಲ್ಲದಿರೋದು... ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂಥ ತೊಂದರೆಗಳು ಶುರುವಾಗುತ್ತವೆ.

1870ರಲ್ಲಿ ಎಬರ್ತ್ ಎಂಬ ವೈದ್ಯ ಇದನ್ನು ಮೊದಲು ವಿವರಿಸಿದ. 1891ರಲ್ಲಿ ಜರ್ಮನಿಯ ಕ್ವಿಂಕೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯುವ ವಿಧಾನ ತೋರಿಸಿಕೊಟ್ಟ. ಅಲ್ಲಿಂದ ಬದುಕಿರುವವರಲ್ಲೇ ರೋಗವನ್ನು ಹುಡುಕುವ ದಾರಿ ಸಿಕ್ಕಿತು. ಆದರೆ ಕೊಡೋದಕ್ಕೆ ಔಷಧಿ ಇರಲಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಇದರಲ್ಲಿ ಉಳಿಯೋದು ಸಾಮಾನ್ಯವಾಗಿ 4ರಿಂದ 6 ವಾರ.

ಔಷಧಿಯ ಕತೆಯಲ್ಲಿ ನಮ್ಮ ಪಕ್ಕದ ಆಂಧ್ರದವರೊಬ್ಬರಿದ್ದಾರೆ. ಯಲ್ಲಾಪ್ರಗಡ ಸುಬ್ಬರಾವ್, ಹುಟ್ಟಿದ್ದು ಭೀಮವರಂನಲ್ಲಿ. ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ ಅವರ ತಂಡ ಫೋಲಿಕ್ ಆಸಿಡ್ಡಿಗೆ ಎದುರಾಳಿಯಾಗಿ ಕೆಲಸ ಮಾಡುವ ಔಷಧಿಗಳನ್ನು ತಯಾರಿಸಿತು. ಅವುಗಳಲ್ಲೊಂದಾದ ಅಮಿನಾಪ್ಟೆರಿನ್ ಅನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡರು. ಈ ವರದಿ ಬಂದಿದ್ದು 1948ರಲ್ಲಿ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅದರ ಹತ್ತಿರದ ಸಂಬಂಧಿಯೇ ಮೆಥೊಟ್ರೆಕ್ಸೇಟ್. ಇವತ್ತಿಗೂ ಬೆನ್ನಿನ ಮೂಲಕ ಕೊಡುವ ಮುಖ್ಯ ಔಷಧಿ ಅದೇ.

ಆದರೆ ಇಲ್ಲೊಂದು ತೊಡಕು ಬಂತು. ರಕ್ತದಲ್ಲಿ ಕ್ಯಾನ್ಸರ್ ಕಾಣದಂತಾದ ಮಕ್ಕಳಲ್ಲೇ ಅದು ಮಿದುಳಿನ ಪೊರೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ರಕ್ತದಿಂದ ಮಿದುಳಿಗೆ ಸಿಕ್ಕಸಿಕ್ಕದ್ದೆಲ್ಲ ಹೋಗದ ಹಾಗೆ ದೇಹವೇ ಒಂದು ತಡೆಗೋಡೆ ಕಟ್ಟಿಕೊಂಡಿದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಫೈರ್‌ವಾಲ್. ವೈರಸ್ ಮೊದಲೇ ಒಳಗೆ ಸೇರಿದೆ, ಆಂಟಿವೈರಸ್ ಹೊರಗೇ ನಿಂತಿದೆ!

ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್, ಪೊರೆಯಲ್ಲಿ ರೋಗ ಕಾಣಿಸಿಕೊಳ್ಳುವ ತನಕ ಕಾಯಲೇಬಾರದು ಅಂದರು. 1960ರ ದಶಕದಲ್ಲಿ ತಲೆಗೆ ರೇಡಿಯೇಷನ್, ಬೆನ್ನಿನ ನೀರಿಗೆ ನೇರವಾಗಿ ಮೆಥೊಟ್ರೆಕ್ಸೇಟ್, ಎರಡನ್ನೂ ಮುಂಚೆಯೇ ಕೊಟ್ಟರು. ದಶಕದ ಕೊನೆಯ ಹೊತ್ತಿಗೆ ಸುಮಾರು ಅರ್ಧದಷ್ಟು ಮಕ್ಕಳು ಪೂರ್ತಿ ಗುಣವಾಗುವ ಮಟ್ಟಕ್ಕೆ ಬಂದರು. ಪ್ರತಿ ಸಲ ಬೆನ್ನಿಗೆ ಚುಚ್ಚೋದು ಬೇಡ ಅಂತ ತಲೆಯ ಚರ್ಮದ ಕೆಳಗೆ ಕೂರಿಸುವ ಪುಟ್ಟ ಗುಮ್ಮಟದಂಥ ಸಾಧನವನ್ನು 1963ರಲ್ಲಿ ಕೊಟ್ಟವರು ಪಾಕಿಸ್ತಾನ ಮೂಲದ ಸರ್ಜನ್ ಅಯೂಬ್ ಒಮ್ಮಾಯಾ.

ಇತ್ತ ನಮ್ಮಲ್ಲಿ ಕಿದ್ವಾಯಿ ಸಂಸ್ಥೆ ಶುರುವಾಗಿದ್ದು 1973ರಲ್ಲಿ, ಪಕ್ಕದ ನಿಮ್ಹಾನ್ಸ್ ಈಗಿನ ಹೆಸರಿನಲ್ಲಿ ರೂಪುಗೊಂಡಿದ್ದು 1974ರಲ್ಲಿ. ಒಂದು ಕ್ಯಾನ್ಸರಿಗೆ, ಇನ್ನೊಂದು ಮಿದುಳಿಗೆ. ಈ ಕಾಯಿಲೆಗೆ ಎರಡೂ ಬೇಕು ನೋಡಿ! 1980ರಲ್ಲಿ ಕಿದ್ವಾಯಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. 1980ರ ದಶಕದಲ್ಲಿ ಮುಂಬೈ, ಚೆನ್ನೈ, ದೆಹಲಿಯ ಆಸ್ಪತ್ರೆಗಳು ಎಂಸಿಪಿ-841 ಎಂಬ ಚಿಕಿತ್ಸಾ ಕ್ರಮ ತಂದವು. ಅದರಲ್ಲೂ ಪೊರೆಗೆ ಮುಂಚಿತವಾಗಿ ಚಿಕಿತ್ಸೆ ಇತ್ತು. ನಮ್ಮ ದೇಶದ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ಉಳಿಯತೊಡಗಿದರು.

ದೊಡ್ಡವರ ಕತೆ ಇಷ್ಟು ಸುಲಭವಲ್ಲ. ಸ್ತನ, ಶ್ವಾಸಕೋಶದ ಕ್ಯಾನ್ಸರ್ ಪೊರೆಗೆ ಹರಡಿದ ಮೇಲೆಯೇ ಗೊತ್ತಾಗೋದು. 1982ರಲ್ಲಿ ನ್ಯೂಯಾರ್ಕಿನ ವೈದ್ಯರು 90 ರೋಗಿಗಳ ವಿವರ ಪ್ರಕಟಿಸಿದರು. ಮೊದಲ ಸಲ ತೆಗೆದ ನೀರಿನಲ್ಲಿ ಕ್ಯಾನ್ಸರ್ ಕಣ ಸಿಕ್ಕಿದ್ದು ಸುಮಾರು ಅರ್ಧ ಜನರಲ್ಲಿ ಮಾತ್ರ. ಮತ್ತೆ ಮತ್ತೆ ತೆಗೆದಾಗ 10ರಲ್ಲಿ 9 ಜನರಲ್ಲಿ ಸಿಕ್ಕಿತು. ನಮ್ಮ ಕಡೆ ಇದು ಬಹಳ ಮುಖ್ಯ. ಯಾಕೆಂದರೆ ನೀರಿನಲ್ಲಿ ಸಕ್ಕರೆ ಕಡಿಮೆ, ಪ್ರೋಟೀನ್ ಜಾಸ್ತಿ ಅನ್ನೋ ರಿಪೋರ್ಟ್ ಟಿಬಿ ಮೆನಿಂಜೈಟಿಸ್‌ನಲ್ಲೂ ಹಾಗೇ ಇರುತ್ತೆ. ಮೊದಲು ಕ್ಯಾನ್ಸರ್ ಆಗಿತ್ತು ಅಂತ ಡಾಕ್ಟರಿಗೆ ಹೇಳದಿದ್ದರೆ ದಾರಿಯೇ ತಪ್ಪಬಹುದು.

ಈಚಿನ ವರ್ಷಗಳಲ್ಲಿ ಸ್ವಲ್ಪ ಬೆಳಕು ಕಂಡಿದೆ. ಇಜಿಎಫ್ಆರ್ ಜೀನ್ ಬದಲಾವಣೆ ಇರುವ ಶ್ವಾಸಕೋಶದ ಕ್ಯಾನ್ಸರಿಗೆ ಒಸಿಮರ್ಟಿನಿಬ್ ಅನ್ನೋ ಮಾತ್ರೆ ಆ ತಡೆಗೋಡೆಯನ್ನು ದಾಟುತ್ತದೆ. 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅರ್ಧದಷ್ಟು ರೋಗಿಗಳು 11 ತಿಂಗಳು ದಾಟಿದ್ದರು. 2022ರಲ್ಲಿ ನ್ಯೂಯಾರ್ಕಿನಲ್ಲಿ ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರಿನವರಿಗೆ ಮಿದುಳು, ಬೆನ್ನುಹುರಿ ಎರಡಕ್ಕೂ ಪ್ರೋಟಾನ್ ರೇಡಿಯೇಷನ್ ಕೊಟ್ಟಾಗ ಅದು 9.9 ತಿಂಗಳು, ಮಾಮೂಲಿ ರೇಡಿಯೇಷನ್‌ನಲ್ಲಿ 6 ತಿಂಗಳು. ಪ್ರೋಟಾನ್ ಯಂತ್ರ 2019ರಲ್ಲಿ ಚೆನ್ನೈನ ಖಾಸಗಿ ಆಸ್ಪತ್ರೆಗೆ ಬಂತು. ಒಸಿಮರ್ಟಿನಿಬ್ ಮೇಲಿನ ಕಸ್ಟಮ್ಸ್ ಸುಂಕವನ್ನು 2024ರ ಬಜೆಟ್ಟಿನಲ್ಲಿ ತೆಗೆದರು. ಆದರೂ ಮಗ್ಗ ನಂಬಿಕೊಂಡ ಮನೆಗೆ ಇವೆರಡೂ ದೂರವೇ.

ಹಾಗಾದರೆ "ಎಷ್ಟು ದಿನ?". ನೂರೈವತ್ತು ವರ್ಷದಲ್ಲಿ ವಾರಗಳಿದ್ದದ್ದು ತಿಂಗಳುಗಳಾಗಿವೆ, ಕೆಲವರಿಗೆ ವರ್ಷ ದಾಟಿದೆ. ಅಷ್ಟೇ ಅಂದರೆ ಅಷ್ಟೇ, ಅಷ್ಟೊಂದಾ ಅಂದರೆ ಅಷ್ಟೊಂದು. ಅದಕ್ಕಿಂತ "ಯಾವ ಜಾತಿಯ ಕ್ಯಾನ್ಸರ್? ಜೀನ್ ಟೆಸ್ಟ್ ಆಗಿದೆಯಾ? ನೋವಿಗೆ ಏನು ಕೊಡ್ತೀರಿ?" ಅಂತ ಕೇಳೋದು ಒಳ್ಳೆಯದು. ಚಿಕಿತ್ಸೆ ಇನ್ನು ಸಾಕು ಅನ್ನೋ ಹಂತಕ್ಕೂ ಜಾಗ ಇದೆ: ಬೆಂಗಳೂರಿನ ಮಾರತ್ತಹಳ್ಳಿ ಹತ್ತಿರದ ಕರುಣಾಶ್ರಯ, ದುಡ್ಡು ತೆಗೆದುಕೊಳ್ಳದೆ ಕೊನೆಯ ತನಕ ನೋಡಿಕೊಳ್ಳುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ. ಬೇಕಾದವರಿಗೆ ದಯವಿಟ್ಟು ಹೇಳಿ.