ನದಿಯ ಮೌನ, ಜನರ ಮಾತು



ಹರಿಹರವೆಂದೊಡನೆ ನಿಮ್ಮಲ್ಲಿ ಅನೇಕರಿಗೆ ಆರೋಗ್ಯಮಾತೆಯ ಪುಣ್ಯಕ್ಷೇತ್ರ ನೆನಪಾಗುತ್ತದೆ. ಅದೇ ತುಂಗಭದ್ರೆಯ ದಡದಲ್ಲಿ ಜನರ ಆರೋಗ್ಯಕ್ಕಾಗಿ ದೀರ್ಘವಾದ ಹೋರಾಟವೊಂದು ನಡೆದಿತ್ತೆಂಬುದು ಇಂದಿನ ಪೀಳಿಗೆಗೆ ಅಷ್ಟಾಗಿ ತಿಳಿಯದು.

ಹರಿಹರದ ಸಮೀಪದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಕೃತಕ ನೂಲಿಗೆ ಬೇಕಾದ ತಿರುಳನ್ನು ಮರದಿಂದ ತಯಾರಿಸುವುದು ಅದರ ಕೆಲಸ. ಅನೇಕ ಕುಟುಂಬಗಳಿಗೆ ಅದು ಅನ್ನ ನೀಡಿತು. ಆದರೆ ಮರವನ್ನು ಬೇಯಿಸಿದ ನೀರು ಲಿಗ್ನಿನ್ ಕರಗಿ ಕಂದುಬಣ್ಣ ತಾಳುತ್ತದೆ. ಸರಿಯಾಗಿ ಶುದ್ಧೀಕರಿಸದೆ ನದಿಗೆ ಬಿಟ್ಟರೆ ಅದರಲ್ಲಿನ ಕಲ್ಮಶ ಕೊಳೆಯುತ್ತ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. 1980ರ ದಶಕದಲ್ಲಿ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದವು. ನಲವಾಗಲದಂತಹ ಕೆಳದಂಡೆಯ ಊರಿನವರು, ಆ ನೀರು ಕುಡಿದು ಜನ-ಜಾನುವಾರುಗಳ ಆರೋಗ್ಯ ಕೆಡುತ್ತಿದೆಯೆಂದು ದೂರಿದರು.

ಜಲಮಾಲಿನ್ಯ ತಡೆಯುವ ಕಾಯಿದೆ 1974ರಲ್ಲಿಯೇ ಬಂದಿತ್ತು. ಕಾಗದದಲ್ಲಿದ್ದ ಕಾಯಿದೆಗೆ ಇಲ್ಲಿ ಜೀವ ತುಂಬಿದವರು ಸಂಘಟಿತರಾದ ಜನರು. 1984ರಲ್ಲಿ ಎಸ್. ಆರ್. ಹಿರೇಮಠರು ಮತ್ತು ಸಂಗಡಿಗರು ಕಟ್ಟಿದ ಸಮಾಜ ಪರಿವರ್ತನ ಸಮುದಾಯವು ಊರೂರಿನ ಅಳಲನ್ನು ಒಂದೇ ದನಿಯಾಗಿಸಿತು. ಅದೇ ಕಾಲದಲ್ಲಿ ಸರ್ಕಾರವೂ ಕಾರ್ಖಾನೆಯೂ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯ ಮೂಲಕ ಹಳ್ಳಿಗಳ ಗೋಮಾಳಗಳಲ್ಲಿ ನೀಲಗಿರಿ ಬೆಳೆಸಲು ಹೊರಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. 'ಕಿತ್ತಿಕೊ-ಹಚ್ಚಿಕೊ' ಎಂದೇ ಪ್ರಸಿದ್ಧವಾದ ಸತ್ಯಾಗ್ರಹವಿದು. 1991ರಲ್ಲಿ ಆ ಕಂಪನಿ ಮುಚ್ಚಿತು. ಅದೇ ವರ್ಷ, ಬಿಹಾರದ ಒಂದು ಪ್ರಕರಣದಲ್ಲಿ, ನಿರ್ಮಲವಾದ ನೀರು ಮತ್ತು ಗಾಳಿಯನ್ನು ಪಡೆಯುವುದು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು ಹೇಳಿತು.

ಈ ಚರಿತ್ರೆ ಸಮೀರವಾಡಿಯ ಕಬ್ಬಿನ ಸೀಮೆಗೂ ಸಲ್ಲುವಂಥದು. ಜಮಖಂಡಿ, ಮುಧೋಳ ಭಾಗಗಳ ಬದುಕು ಸಕ್ಕರೆ ಕಾರ್ಖಾನೆಗಳೊಡನೆ ಹೆಣೆದುಕೊಂಡಿದೆ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆಯುವಾಗ ಸುಮಾರು 8ರಿಂದ 15 ಲೀಟರ್ ಕಂದು ತ್ಯಾಜ್ಯನೀರು ಉಳಿಯುತ್ತದೆ. ಅದು ಹೊರಗೆ ಹರಿಯಕೂಡದೆಂಬುದು ಇಂದಿನ ನಿಯಮ. ನಿಯಮ ಪಾಲನೆಯಾಗುತ್ತಿದೆಯೇ ಎಂದು ಕೇಳುವವರು ಯಾರು?

ಕಾರ್ಖಾನೆ ಬೇಡವೆಂದು ತುಂಗಭದ್ರೆಯ ಕಥೆ ಹೇಳುವುದಿಲ್ಲ. ಕಬ್ಬು ಬೆಳೆದವನಿಗೂ ಕಾರ್ಮಿಕನಿಗೂ ಅದು ಬೇಕು. ಆದರೆ ಒಬ್ಬರ ದುಡಿಮೆಯ ಬೆಲೆಯನ್ನು ಕೆಳದಂಡೆಯ ಮಗುವೊಂದು ತನ್ನ ಆರೋಗ್ಯದಿಂದ ತೆರಬಾರದು. ಮಾಹಿತಿ ಹಕ್ಕು ಕಾಯಿದೆ 2005ರಿಂದ ನಿಮ್ಮ ಕೈಯಲ್ಲಿದೆ. ನಿಮ್ಮೂರಿನ ಹೊಳೆಯ, ಕೊಳವೆಬಾವಿಯ ನೀರಿನ ಪರೀಕ್ಷಾ ವರದಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕೇಳಿ ಪಡೆಯಿರಿ. ಗ್ರಾಮಸಭೆಯಲ್ಲಿ ಓದಿ ಹೇಳಿರಿ. ನದಿಗೆ ಬಾಯಿಲ್ಲ, ಅದರ ಪರವಾಗಿ ಮಾತನಾಡಬೇಕಾದವರು ಅದರ ನೀರು ಕುಡಿಯುವ ನಾವೇ.