ಮುಟ್ಟದೆ ಅಳೆಯುವ ವಿದ್ಯೆ

ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು ಮುಂತಾದವುಗಳಿಂದ ಚೇತರಿಸಿಕೊಳ್ಳುತ್ತಿರುವವರ ಸಾಮರ್ಥ್ಯವನ್ನು ದೂರದಿಂದಲೇ ಅಳೆಯುವ ಪದ್ಧತಿಯು ವೀಡಿಯೊ ಕರೆಯ ಜೊತೆಗೇ ಹುಟ್ಟಿತೆಂದು ಭಾವಿಸುವುದು ರೂಢಿಯಾಗಿದ್ದರೂ, ಅದರ ಬೇರುಗಳಿರುವುದು ಕಾಗದದ ಮೇಲೆ ಬರೆದಿಟ್ಟ ಪ್ರಶ್ನೆಗಳಲ್ಲಿ. ರೋಗಿಯ ನರದಲ್ಲಿ ಏನು ಕೆಟ್ಟಿದೆ ಎಂಬುದರ ಜೊತೆಗೆ, ಆತ ದಿನವೂ ತನ್ನ ಕೆಲಸಗಳಲ್ಲಿ ಯಾವುದನ್ನು ತಾನೇ ಮಾಡಿಕೊಳ್ಳುತ್ತಾನೆ ಎಂದೂ ವೈದ್ಯರು ಕೇಳತೊಡಗಿದ ಮೇಲೆಯೇ, ಬಾಯಿಮಾತಿನ ಉತ್ತರಕ್ಕೆ ಅಳತೆಯ ಮಾನ್ಯತೆ ದೊರೆಯಿತು.

1957ರಲ್ಲಿ ಗ್ಲಾಸ್ಗೊದ ವೈದ್ಯ ಜಾನ್ ರ‍್ಯಾಂಕಿನ್ ಪಾರ್ಶ್ವವಾಯು ಪೀಡಿತರ ಅಸಹಾಯಕತೆಯನ್ನು ಐದು ದರ್ಜೆಗಳಾಗಿ ವಿಂಗಡಿಸಿದ್ದರು. ಆದರೆ ಹೆಚ್ಚು ಕುತೂಹಲಕರವಾದುದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ದೀರ್ಘಕಾಲೀನ ರೋಗಿಗಳ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದು, ವೈದ್ಯೆ ಫ್ಲಾರೆನ್ಸ್ ಮಹೋನಿ ಮತ್ತು ಫಿಸಿಯೋಥೆರಪಿಸ್ಟ್ ಡೊರೊತಿಯಾ ಬಾರ್ಥೆಲ್ 1965ರಲ್ಲಿ ಪ್ರಕಟಿಸಿದ ಸೂಚಿ. ಊಟ, ಸ್ನಾನ, ಉಡುಪು, ಮಲಮೂತ್ರಗಳ ಹಿಡಿತ, ನಡಿಗೆ, ಮೆಟ್ಟಿಲೇರುವುದು ಮೊದಲಾದ ಹತ್ತು ಕೆಲಸಗಳಿಗೆ ಅಂಕವಿಟ್ಟು, ಒಟ್ಟು 100ಕ್ಕೆ ಅದು ಲೆಕ್ಕ ಹಾಕುತ್ತದೆ. ತಾನೇ ಉಂಡರೆ 10 ಅಂಕ, ತಟ್ಟೆಯಲ್ಲಿರುವುದನ್ನು ಇನ್ನೊಬ್ಬರು ಕತ್ತರಿಸಿಕೊಡಬೇಕಾದರೆ 5. ಚಾಕು ಹಿಡಿದು ಉಣ್ಣುವ ನಾಡಿನ ಈ ಮಾನದಂಡವು ಅನ್ನ ಸಾರನ್ನು ಕಲಸಿ ಬಾಯಿಗಿಡುವ ಮನೆಗೆ ಬಂದಾಗ ಪ್ರಶ್ನೆಯೇ ಬದಲಾಗಬೇಕಾಗುತ್ತದೆ ಎಂಬುದು ಬೇರೆ ಮಾತು. ನೂರಕ್ಕೆ ನೂರು ಬಂದವನು ಒಂಟಿಯಾಗಿ ಬಾಳಬಲ್ಲನೆಂದು ಅರ್ಥವಲ್ಲ, ಅವನಿಗೆ ಅಡುಗೆ ಮಾಡಿಕೊಳ್ಳುವುದು ಸಾಧ್ಯವಾಗದಿರಬಹುದು ಎಂದು ಆ ಇಬ್ಬರೂ ಆಗಲೇ ಎಚ್ಚರಿಸಿದ್ದರು. ಸೂಚಿಯನ್ನು ಬಳಸಿದವರೆಲ್ಲರೂ ಆ ಎಚ್ಚರವನ್ನು ಉಳಿಸಿಕೊಂಡರೆಂದು ಹೇಳಲಾಗದು.

ಇದೇ ಬಗೆಯ ಪ್ರಶ್ನೆಗಳನ್ನು ದೂರವಾಣಿಯಲ್ಲಿ ಕೇಳಿದರೂ ಉತ್ತರ ನಂಬಲರ್ಹವೆಂದು 1987ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ವೀಡಿಯೊದ ಸರದಿ ಬಂದದ್ದು ಅನಂತರ. ಪಾರ್ಶ್ವವಾಯುವಿನ ತೀವ್ರತೆಯನ್ನು ಅಳೆಯುವ ಮಾಪಕವನ್ನು ಪರದೆಯ ಮೂಲಕ ಬಳಸಿ ನೋಡಿದ 1999ರ ಅಮೆರಿಕದ ಪ್ರಯೋಗದಲ್ಲಿ, ಕೈಕಾಲುಗಳ ಬಲದ ವಿಷಯದಲ್ಲಿ ಹಾಸಿಗೆಯ ಬಳಿಯಿದ್ದ ವೈದ್ಯರಿಗೂ ದೂರದ ವೈದ್ಯರಿಗೂ ಚೆನ್ನಾಗಿ ತಾಳೆಯಾಯಿತಾದರೂ, ಚಲನೆಯ ಹೊಂದಾಣಿಕೆಯ ವಿಷಯದಲ್ಲಿ ಹಾಗಾಗಲಿಲ್ಲ.

ಪರದೆಗೆ ಸುಲಭವಾಗಿ ಒಗ್ಗದ ಅಳತೆಯೂ ಒಂದಿದೆ. ವೈದ್ಯ ಆಶ್‌ವರ್ತ್ 1964ರಲ್ಲಿ ರೂಪಿಸಿದ, ಸ್ನಾಯುಬಿಗಿತವನ್ನು 0ಯಿಂದ 4ರವರೆಗೆ ಗುರುತಿಸುವ ಮಾಪಕದಲ್ಲಿ, ಪರೀಕ್ಷಕರು ರೋಗಿಯ ಕೀಲನ್ನು ತಾವೇ ಮಡಿಸಿ ಬಿಡಿಸಿ, ಎದುರಾಗುವ ತಡೆಯನ್ನು ತಮ್ಮ ಕೈಯಿಂದ ಅರಿಯಬೇಕು. ಭಾರತದಲ್ಲಿ 2020ರ ಮಾರ್ಚ್ 25ರಂದು, ದೇಶವ್ಯಾಪಿ ಲಾಕ್‌ಡೌನ್ ಆರಂಭವಾದ ದಿನವೇ, ಟೆಲಿಮೆಡಿಸಿನ್ ಮಾರ್ಗಸೂಚಿಗಳು ಪ್ರಕಟವಾಗಿ ವೀಡಿಯೊ, ಧ್ವನಿ, ಬರಹ ಮೂರೂ ವೈದ್ಯಸಮಾಲೋಚನೆಯ ಮಾಧ್ಯಮಗಳಾಗಿ ಅಂಗೀಕೃತವಾದ ಮೇಲೆಯೂ ಈ ತೊಡಕು ಇದ್ದಂತೆಯೇ ಉಳಿಯಿತು: ಪರದೆಯಾಚೆಗಿನ ಫಿಸಿಯೋಥೆರಪಿಸ್ಟರ ಸೂಚನೆಯಂತೆ ಮಗಳು ತಂದೆಯ ಮೊಣಕೈ ಮಡಿಸಿ ಬಿಗಿಯಾಗಿದೆ ಎಂದು ಹೇಳಬಲ್ಲಳು, ಆದರೆ ಆ ಬಿಗಿತವು ಎರಡೋ ಮೂರೋ ಎಂದು ಹೇಳಲು ಬೇಕಾದ ಹೋಲಿಕೆಗೆ ಅವಳ ಕೈ ಹಿಂದೆಂದೂ ಬೇರೊಬ್ಬ ರೋಗಿಯನ್ನು ಮುಟ್ಟಿರುವುದಿಲ್ಲ.